ಕನ್ನಡ ಕಲಿಯುವವರ ಕಿವಿಯನ್ನು ಪಳಗಿಸುವುದು ಹೇಗೆ?

ಬೆಂಗಳೂರಿನಲ್ಲಿ ನೆಲೆಸಿರುವ ಹೊರರಾಜ್ಯದವರಿಗೆ ಬಿಡುವಿನ ವೇಳೆಯಲ್ಲಿ ಕನ್ನಡ ಕಲಿಸುವ ನಮ್ಮಂಥವರಿಗೆ ಒಂದು ಸನ್ನಿವೇಶ ಚೆನ್ನಾಗಿ ಪರಿಚಿತ. ಮೂರು ತಿಂಗಳು ಪಾಠ ಕೇಳಿದವರು ಅಂಗಡಿಗೆ ಹೋಗಿ ಕನ್ನಡದಲ್ಲಿಯೇ ಬೆಲೆ ವಿಚಾರಿಸುತ್ತಾರೆ, ಆದರೆ ಅಂಗಡಿಯವರು ಕೊಟ್ಟ ಉತ್ತರ ತಿಳಿಯದೆ ನಿಂತುಬಿಡುತ್ತಾರೆ. ನನ್ನ ಬಳಿ ಕಲಿಯುತ್ತಿದ್ದ ಮಹಿಳೆಯೊಬ್ಬರು ಒಂದು ಕಿಲೋ ಹುರುಳಿಕಾಯಿಗೆ ಇಪ್ಪತ್ತು ರೂಪಾಯಿ ಕೊಟ್ಟು ಹೊರಟಿದ್ದರು. ತರಕಾರಿಯವರು ಹೇಳಿದ್ದು ಎಪ್ಪತ್ತು. ಅವರಿಗೆ ಎರಡೂ ಸಂಖ್ಯೆಗಳು ಬಾಯಿಪಾಠವಾಗಿದ್ದವು, ಕಾಗದದ ಮೇಲೆ ತಪ್ಪಿಲ್ಲದೆ ಬರೆಯಬಲ್ಲವರಾಗಿದ್ದರು. ಸಂತೆಯ ಗದ್ದಲದಲ್ಲಿ ಆ ಮೊದಲ ಸ್ವರದ ವ್ಯತ್ಯಾಸವನ್ನು ಹಿಡಿಯುವ ಅಭ್ಯಾಸವನ್ನು ನಾನು ಅವರ ಕಿವಿಗೆ ಮಾಡಿಸಿರಲಿಲ್ಲ. ಕೇಳಿ ತಿಳಿಯುವುದು ಮಾತು ಕಲಿತ ಮೇಲೆ ತಾನಾಗಿ ಬರುತ್ತದೆ ಎಂದು ಭಾವಿಸಿದ್ದ ನಾನು, ಅಂದಿನಿಂದ ಅದನ್ನು ಬೇರೆಯೇ ಪಾಠವಾಗಿ ಕಲಿಸುತ್ತಿದ್ದೇನೆ.

ಈ ತೊಡಕಿನ ಬಹುಪಾಲು ಕಾರಣ ನಮ್ಮ ಬರಹಕ್ಕೂ ಮಾತಿಗೂ ಇರುವ ಅಂತರ. ಪುಸ್ತಕದಲ್ಲಿ ‘ತೆಗೆದುಕೊಂಡು ಬರುತ್ತೇನೆ’ ಎಂದು ಓದಿದವರ ಕಿವಿಗೆ ‘ತಗೊಂಡ್ ಬರ್ತೀನಿ’ ಎಂಬುದು ಬೀಳುತ್ತದೆ. ‘ಮಾಡುವುದಕ್ಕೆ ಆಗುವುದಿಲ್ಲ’ ಎಂಬ ಎರಡು ಪದಗಳು ‘ಮಾಡಕ್ಕಾಗಲ್ಲ’ ಎಂಬ ಒಂದೇ ಉಸಿರಿನ ಪದವಾಗಿ ಹಾದುಹೋಗುತ್ತವೆ. ಪದದ ಕೊನೆಯ ಉಕಾರ ಬಿದ್ದುಹೋಗುವುದು, ನಡುವಿನ ಹ್ರಸ್ವ ಸ್ವರ ಕರಗುವುದು, ಪಕ್ಕದ ಪದಗಳು ಬೆಸೆದುಕೊಳ್ಳುವುದು, ಇವೆಲ್ಲ ನಮಗೆ ಎಷ್ಟು ಸಹಜವೆಂದರೆ ಹಾಗೆ ಆಗುತ್ತಿದೆಯೆಂಬುದೇ ನಮಗೆ ಕೇಳಿಸುವುದಿಲ್ಲ. ಆದ್ದರಿಂದ ಮೊದಲ ವಾರದಿಂದಲೇ ಪ್ರತಿ ವಾಕ್ಯವನ್ನೂ ಎರಡು ಬಾರಿ ಹೇಳಿ ಕೇಳಿಸಬೇಕು: ಒಮ್ಮೆ ಬರಹದ ರೂಪದಲ್ಲಿ, ಇನ್ನೊಮ್ಮೆ ನೀವು ಮನೆಯಲ್ಲಿ ಆಡುವ ರೂಪದಲ್ಲಿ. ಪಾಠವೆಂಬ ಕಾರಣಕ್ಕೆ ಮಾತನ್ನು ಬಿಡಿಸಿ ಬಿಡಿಸಿ ಆಡಿದರೆ ಕಲಿಯುವವರಿಗೆ ನಿಮ್ಮ ಮಾತು ಮಾತ್ರ ತಿಳಿಯುತ್ತದೆ, ಊರಿನ ಮಾತು ತಿಳಿಯುವುದಿಲ್ಲ.

ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನಕ್ಕೆ ಸೇರಿದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳು ಇದೇ ಕೆಲಸವಾಗಿ ಕುಳಿತು ಕನ್ನಡ ಕಲಿಯುತ್ತಾರೆ. ನಮ್ಮ ಬಳಿಗೆ ಬರುವವರಿಗೆ ಸಿಗುವುದು ವಾರಕ್ಕೆ ಒಂದೋ ಎರಡೋ ಗಂಟೆ. ಹಾಗಾಗಿ ಕೇಳುವ ಅಭ್ಯಾಸ ದಿನವೂ ಹದಿನೈದು ನಿಮಿಷ ಮನೆಯಲ್ಲಿಯೇ ನಡೆಯಬೇಕು, ಮತ್ತು ಅದಕ್ಕೆ ಬೇಕಾದ ಧ್ವನಿಮುದ್ರಣವನ್ನು ನೀವೇ ಸಿದ್ಧಪಡಿಸಿ ಕೊಡುವುದು ಒಳ್ಳೆಯದು. ಮೂವತ್ತು ನಾಲ್ವತ್ತು ಸೆಕೆಂಡಿನ ಒಂದು ಮಾತುಕತೆ ಸಾಕು. ನಿಮ್ಮ ಸೊಪ್ಪಿನವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಿಡಿದುಕೊಳ್ಳಿ: “ಮೆಂತ್ಯ ಹೆಂಗ್ ಕೊಡ್ತೀರಾ?” “ಕಟ್ಟು ಇಪ್ಪತ್ತು, ಎರಡ್ ತಗೊಂಡ್ರೆ ಮೂವತ್ತೈದಕ್ ಕೊಡ್ತೀನಿ.” “ಬೆಳಿಗ್ಗೇದಾ?” “ಈಗಷ್ಟೇ ಬಂದಿರೋದಮ್ಮ, ನೋಡಿ ಬೇಕಾದ್ರೆ.”

ಇಷ್ಟನ್ನು ಬಳಸುವ ಕ್ರಮ ಹೀಗಿರಲಿ. ಮೊದಲ ಸಲ ಕೇಳಿಸಿದಾಗ ಯಾರು, ಎಲ್ಲಿ, ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದನ್ನು ಮಾತ್ರ ಊಹಿಸಲು ಹೇಳಿ; ಒಂದೊಂದು ಪದಕ್ಕೂ ಅರ್ಥ ಹುಡುಕುವವರು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಎರಡನೆಯ ಸಲ ಒಂದೇ ಒಂದು ಖಚಿತ ಸಂಗತಿಯನ್ನು ಹಿಡಿಯಲು ಹೇಳಿ: ಎರಡು ಕಟ್ಟಿಗೆ ಎಷ್ಟು? ಮೂರನೆಯ ಸಲ ನಿಲ್ಲಿಸಿ ನಿಲ್ಲಿಸಿ ಕೇಳಿಸುತ್ತ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ, ತಮಗೆ ಬರುವ ಯಾವುದೇ ಲಿಪಿಯಲ್ಲಿ ಬರೆದುಕೊಳ್ಳಲಿ. ಇದು ಇಡೀ ಅಭ್ಯಾಸದ ತಿರುಳು. ‘ಬಂದಿರೋದಮ್ಮ’ ಎಂಬಲ್ಲಿ ಒಬ್ಬರು ‘ಬಂದಿರು ಅಮ್ಮ’ ಎಂದು ಬರೆದಿದ್ದರೆ ಅವರ ಕಿವಿ ಎಲ್ಲಿ ಎಡವಿತು ಎಂಬುದು ನಿಮಗೆ ಕಣ್ಣೆದುರೇ ಕಾಣುತ್ತದೆ, ಆಗ ಆ ಒಂದು ಜಾಗವನ್ನು ತಿದ್ದಬಹುದು. ಆಮೇಲಷ್ಟೇ ಆಡುಮಾತಿನ ರೂಪದಲ್ಲಿಯೇ ಬರೆದ ಪಠ್ಯವನ್ನು ಕೈಗೆ ಕೊಟ್ಟು, ಓದುತ್ತ ಒಮ್ಮೆ, ಪಠ್ಯವನ್ನು ಮುಚ್ಚಿಟ್ಟು ಇನ್ನೊಮ್ಮೆ ಕೇಳಿಸಿ. ಮರುದಿನ ಬೆಳಿಗ್ಗೆ ಅದೇ ತುಣುಕನ್ನು ಕೇಳಿದವರು ಇದರ ವೇಗ ಕಡಿಮೆಯಾಗಿದೆಯೇ ಎಂದು ಕೇಳುತ್ತಾರೆ. ವೇಗ ಅಷ್ಟೇ ಇರುತ್ತದೆ.

ಕಿವಿ ಎಡವುವ ಜಾಗ ಎಲ್ಲರಿಗೂ ಒಂದೇ ಅಲ್ಲ, ಅದು ಅವರವರ ತಾಯ್ನುಡಿಯನ್ನು ಅವಲಂಬಿಸಿದೆ. ಹಿಂದಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲದ ಕಾರಣ ಹಿಂದಿಯವರಿಗೆ ‘ಕೊಡು’ ಮತ್ತು ‘ಕೋಡು’ ಒಂದೇ ಆಗಿ ಕೇಳಿಸುತ್ತವೆ. ಳಕಾರದ ಪರಿಚಯವಿಲ್ಲದುದರಿಂದ ಬೆಲೆ–ಬೆಳೆ, ಹುಲಿ–ಹುಳಿ ಕಲಸಿಹೋಗುತ್ತವೆ. ತಮಿಳಿನವರಿಗೆ ಳಕಾರ ತೊಂದರೆ ಕೊಡುವುದಿಲ್ಲ, ಆದರೆ ಕಾಳಿ–ಗಾಳಿ, ಕಲ್ಲು–ಗಲ್ಲುಗಳ ವ್ಯತ್ಯಾಸಕ್ಕೆ ಅವರು ಕಿವಿಗೊಡಬೇಕಾಗುತ್ತದೆ. ತಮಿಳು, ಮಲಯಾಳದವರಿಗೆ ಒಂದು ಕೀಲಿಕೈಯನ್ನೂ ಕೊಡಬಹುದು: ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ. ಅವರ ‘ಪಾಲ್’ ನಮ್ಮ ಹಾಲು, ಅವರ ‘ಪಲ್’ ನಮ್ಮ ಹಲ್ಲು, ಅವರ ‘ಪತ್ತು’ ನಮ್ಮ ಹತ್ತು ಎಂದು ತೋರಿಸಿದ ದಿನ ಎಷ್ಟೋ ಅಪರಿಚಿತ ಪದಗಳು ಅವರಿಗೆ ನೆಂಟರಾಗುತ್ತವೆ. ಇಂಥ ಜೋಡಿಪದಗಳನ್ನು ದಿನಕ್ಕೆ ಐದು ನಿಮಿಷ ಹೇಳಿ, ಯಾವುದನ್ನು ಹೇಳಿದಿರೆಂದು ಬೆರಳು ತೋರಿಸಿ ಗುರುತಿಸಲು ಬಿಡಿ. ಬಾಯಿಬಿಟ್ಟು ಹೇಳಿಸುವುದು ಆಮೇಲೆ.

ಕನ್ನಡ ವಾಕ್ಯದ ಬಾಲದಲ್ಲಿ ಅದರ ಪ್ರಾಣವಿದೆ ಎಂಬುದನ್ನೂ ಕಲಿಸಬೇಕು. ಕ್ರಿಯಾಪದ, ಕಾಲ, ನಿಷೇಧ, ಮಾತಾಡುವವರ ಮನೋಭಾವ, ಎಲ್ಲವೂ ಕೊನೆಗೇ ಬರುತ್ತವೆ. ಮೊದಲರ್ಧ ಕೇಳಿ ಅರ್ಥವಾಯಿತೆಂದು ತಲೆಯಾಡಿಸಿದವರು ‘ಆಗಲಿ’ ಎಂಬುದಕ್ಕೂ ‘ಆಗಲ್ಲ’ ಎಂಬುದಕ್ಕೂ ವ್ಯತ್ಯಾಸ ಕಾಣದೆ ಮೋಸಹೋಗುತ್ತಾರೆ. ‘ನಾಳೆ ಬರ್ತಾರಂತೆ’ ಎಂಬಲ್ಲಿ ಇರುವ ಪುಟ್ಟ ‘ಅಂತೆ’ ಇದು ಹೇಳುವವರು ಕಂಡ ಸಂಗತಿಯಲ್ಲ, ಕೇಳಿದ ಸಂಗತಿ ಎಂದು ತಿಳಿಸುತ್ತದೆ. ಇನ್ನು ‘ಆವಾಗ್ಲೇ ಹೇಳಿದ್ನಲ್ಲ’ ಎಂಬುದನ್ನು ಕೇಳಿದ ಹೊಸಬರು ಕೊನೆಯ ‘ಅಲ್ಲ’ವನ್ನು ನಿಷೇಧವೆಂದು ತಿಳಿದು, ಇವರು ಹೇಳಿಯೇ ಇಲ್ಲವೆಂದು ಅರ್ಥಮಾಡಿಕೊಳ್ಳುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಆದ್ದರಿಂದ ವಾಕ್ಯಗಳ ಕೊನೆಯ ಪದವನ್ನಷ್ಟೇ ಬರೆದುಕೊಳ್ಳುವ ಅಭ್ಯಾಸವನ್ನು ವಾರಕ್ಕೊಮ್ಮೆಯಾದರೂ ಮಾಡಿಸಿ.

ನೋಡಿ ತಿಳಿಯುವ ಅಭ್ಯಾಸಕ್ಕೆ ಅಡುಗೆಯ ವೀಡಿಯೊಗಳಿಗಿಂತ ಉತ್ತಮ ಸಾಮಗ್ರಿಯನ್ನು ನಾನು ಕಂಡಿಲ್ಲ. ಅಲ್ಲಿ ಕಿವಿಗೆ ಬೀಳುವ ಪದವೂ ಕಣ್ಣಿಗೆ ಕಾಣುವ ವಸ್ತುವೂ ಒಂದೇ ಕ್ಷಣದಲ್ಲಿ ಕೂಡುತ್ತವೆ: ಎಣ್ಣೆ ಕಾದ ಮೇಲೆ ಸಾಸಿವೆ ಬೀಳುತ್ತದೆ, ಅದು ಚಟಪಟ ಎಂದ ಮೇಲೆ ಕರಿಬೇವು ಬೀಳುತ್ತದೆ, ‘ಮೇಲೆ’ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ. ಅಲ್ಲಿ ಒಂದು ಸೂಕ್ಷ್ಮವೂ ಸಿಗುತ್ತದೆ. ‘ಉಪ್ಪು ಹಾಕಿ’ ಎಂಬುದು ಆದೇಶವೂ ಹೌದು, ‘ಉಪ್ಪು ಹಾಕಿ ಕಲಸಿ’ ಎಂಬಲ್ಲಿ ಮುಂದಿನ ಕೆಲಸಕ್ಕೆ ಒಯ್ಯುವ ಕೊಂಡಿಯೂ ಹೌದು. ಅಕ್ಷರಗಳು ಅವೇ ಇದ್ದರೂ ದನಿ ಇಳಿದು ನಿಂತಿತೋ ಮೇಲೆಯೇ ತೂಗಿತೋ ಎಂಬುದರಿಂದ ಕಿವಿ ಅದನ್ನು ಗುರುತಿಸಬೇಕು. ಮೊದಲು ದನಿ ಅಡಗಿಸಿ ಎರಡು ನಿಮಿಷದ ಭಾಗವನ್ನು ತೋರಿಸಿ, ಏನೇನು ಹೇಳುತ್ತಿರಬಹುದೆಂದು ಊಹಿಸಲು ಬಿಡಿ. ನಂತರ ದನಿಯೊಂದಿಗೆ ತೋರಿಸಿ. ಕೊನೆಗೆ ತೆರೆಯನ್ನು ಮರೆಮಾಡಿ ದನಿಯನ್ನು ಮಾತ್ರ ಕೇಳಿಸಿ. ಮೂರನೆಯ ಹಂತ ತಪ್ಪಬಾರದು, ಏಕೆಂದರೆ ಚಿತ್ರವಿರುವಷ್ಟು ಹೊತ್ತು ಕಣ್ಣು ಕಿವಿಯ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ.

ಅಡುಗೆಯ ನಂತರ ಧಾರಾವಾಹಿಗಳಿಗೆ ಹೋಗಬಹುದು. ಅದೇ ಮನೆ, ಅದೇ ಜನ, ಅದೇ ಅತ್ತಿಗೆ ಮೈದುನ ಎಂಬ ಸಂಬಂಧಪದಗಳು ದಿನವೂ ಮರಳಿ ಬರುತ್ತವೆ. ಯಾರು ಯಾರಿಗೆ ‘ಬಾ’ ಎಂದರು, ಯಾರಿಗೆ ‘ಬನ್ನಿ’ ಎಂದರು, ಯಾವಾಗ ‘ಬಾರೋ’ ಎಂದರು ಎಂಬುದನ್ನು ಅವರ ನಿಲುವು, ನೋಟಗಳ ಜೊತೆ ಗಮನಿಸಿದರೆ ಗೌರವ, ಸಲುಗೆ, ಸಿಟ್ಟುಗಳ ಲೆಕ್ಕ ತಿಳಿಯುತ್ತದೆ. ಪೌರಾಣಿಕ ಧಾರಾವಾಹಿಗಳನ್ನು ಆರಂಭದಲ್ಲಿ ಬಿಡಿ. ವಾರ್ತೆಗಳ ಉಚ್ಚಾರ ಸ್ಪಷ್ಟವಾಗಿದ್ದರೂ ಅದು ಬರಹದ ಭಾಷೆ. ವಾರ್ತೆ ಬಳಸುವುದಾದರೆ ಹವಾಮಾನದ ಭಾಗದಿಂದ ಆರಂಭಿಸಿ, ಅಲ್ಲಿ ನಕ್ಷೆಯಿದೆ, ಪದಗಳು ಕೆಲವೇ. ಚಿತ್ರದ ಆಸರೆಯೇ ಇಲ್ಲದ ಆಕಾಶವಾಣಿ ನಾಲ್ಕಾರು ತಿಂಗಳ ಅಭ್ಯಾಸದ ನಂತರಕ್ಕಿರಲಿ. ಆಕಾಶವಾಣಿ ಎಂಬ ಹೆಸರು ಬಂದದ್ದೇ ನಮ್ಮ ಮೈಸೂರಿನಿಂದ, 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿಯಿಂದ, ಎಂಬುದನ್ನು ಅಂದು ಕಲಿಯುವವರಿಗೆ ತಿಳಿಸಿದರೆ ಅವರಿಗೂ ಸಂತೋಷವಾಗುತ್ತದೆ.

ಅಡಿಬರಹಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಇಂಗ್ಲಿಷ್ ಅಡಿಬರಹ ಹಾಕಿಕೊಂಡು ನೂರು ಸಿನಿಮಾ ನೋಡಿದವರ ಕಿವಿ ಹಾಗೆಯೇ ಉಳಿದಿರುವುದನ್ನು ಕಂಡಿದ್ದೇನೆ. ಕನ್ನಡ ಮಾತಿಗೆ ಕನ್ನಡದ್ದೇ ಅಡಿಬರಹವಿದ್ದರೆ ಮಾತ್ರ ಅದು ಬೇರೆ ಸಂಗತಿ. ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿಯವರು ದೂರದರ್ಶನದ ಚಿತ್ರಗೀತೆಗಳಿಗೆ ಅದೇ ಭಾಷೆಯ ಅಡಿಬರಹ ಹಾಕಿಸಿದ್ದು ಜನರ ಓದುವ ಶಕ್ತಿ ಬೆಳೆಯಲೆಂದು. ಮಾತು ಬಲ್ಲವರಿಗೆ ಅದು ಅಕ್ಷರ ಕಲಿಸಿತು. ನಮ್ಮವರು ಅದರ ಎದುರು ತುದಿಯಲ್ಲಿದ್ದಾರೆ, ಅಕ್ಷರ ಬಲ್ಲ ಅವರಿಗೆ ಅದು ಮಾತನ್ನು ಬಿಡಿಸಿ ತೋರಿಸಬಲ್ಲದು. ಆದರೂ ಮೊದಲ ನೋಟ ಅಡಿಬರಹವಿಲ್ಲದೆ, ಎರಡನೆಯದು ಅಡಿಬರಹದೊಂದಿಗೆ, ಮೂರನೆಯದು ಮತ್ತೆ ಇಲ್ಲದೆ ಇರಲಿ. ವೇಗವನ್ನು ಮುಕ್ಕಾಲಿಗೆ ಇಳಿಸುವುದು ಸಿಕ್ಕಿಕೊಂಡ ಒಂದು ವಾಕ್ಯಕ್ಕೆ ಸಾಕು, ಇಡೀ ತುಣುಕಿಗೆ ಬೇಡ.

ಪ್ರಾದೇಶಿಕ ರೂಪಗಳನ್ನು ತೀರ ತಡಮಾಡದೆ ಕೇಳಿಸಿ. ಬೆಂಗಳೂರಿನ ‘ಏನ್ ಮಾಡ್ತಿದೀರಾ’, ಧಾರವಾಡದ ‘ಏನ್ ಮಾಡಾಕತ್ತೀರಿ’, ಮಂಗಳೂರಿನ ‘ಎಂತ ಮಾಡ್ತಾ ಇದ್ದೀರಿ’ ಒಂದೇ ಪ್ರಶ್ನೆಯೆಂದು ಗುರುತಿಸಿದರೆ ಸಾಕು, ಮೂರನ್ನೂ ಆಡಬೇಕಾಗಿಲ್ಲ.

ತಿಳಿಯಿತೋ ಇಲ್ಲವೋ ಎಂದು ಪರೀಕ್ಷಿಸಲು ‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ಸಂಕೋಚಕ್ಕೆ ಎಲ್ಲರೂ ಆಯಿತೆನ್ನುತ್ತಾರೆ. ಕೇಳಿದ್ದರ ಮೇಲೆ ಒಂದು ಕೆಲಸ ಕೊಡಿ: ದಾರಿ ಹೇಳಿ ಕಾಗದದ ಮೇಲೆ ಗೆರೆ ಎಳೆಸಿ, ಬೆಲೆಗಳನ್ನು ಹೇಳಿ ಒಟ್ಟು ಮೊತ್ತ ಕೇಳಿ. ತಿಳಿಯದೆ ನಿಂತಾಗ ದಯವಿಟ್ಟು ತಕ್ಷಣ ಹಿಂದಿಗೋ ಇಂಗ್ಲಿಷಿಗೋ ಹೊರಳಬೇಡಿ. ಅದೇ ವಾಕ್ಯವನ್ನು ಅದೇ ವೇಗದಲ್ಲಿ ಇನ್ನೊಮ್ಮೆ ಹೇಳಿ. ಆಗಲೂ ತಿಳಿಯದಿದ್ದರೆ ಎರಡು ತುಂಡು ಮಾಡಿ ಹೇಳಿ. ಮೂರನೆಯ ಸಲ ಕಠಿಣವಾದ ಪದದ ಜಾಗದಲ್ಲಿ ಸುಲಭದ ಕನ್ನಡ ಪದವನ್ನಿಡಿ. ನೆರೆಹೊರೆಯವರಿಗೂ, ಸಹೋದ್ಯೋಗಿಗಳಿಗೂ ಈ ತಾಳ್ಮೆಯನ್ನು ಕೇಳಿಕೊಳ್ಳಿ, ಏಕೆಂದರೆ ವಾರದ ಒಂದು ಗಂಟೆಯಲ್ಲಿ ನೀವು ಪಳಗಿಸಿದ ಕಿವಿಗೆ ಉಳಿದ ಗಂಟೆಗಳಲ್ಲಿ ಕನ್ನಡ ಬೀಳದೆ ಹೋದರೆ ಅದು ಮತ್ತೆ ಮಂದವಾಗುತ್ತದೆ. ಕಲಿಯುವವರ ಕೈಗೂ ಒಂದು ಸಾಧನ ಕೊಡಬೇಕು: ‘ಇನ್ನೊಂದ್ಸಲ ಹೇಳ್ತೀರಾ?’ ಎಂಬ ವಾಕ್ಯವನ್ನು ಮೊದಲ ದಿನವೇ ಕಲಿಸಿ, ಅನುಮಾನ ಬಂದ ಪದವನ್ನೇ ಹಿಡಿದು ಮರುಪ್ರಶ್ನಿಸುವುದನ್ನು ಎರಡನೆಯ ವಾರ ಕಲಿಸಿ. ಆ ಹುರುಳಿಕಾಯಿಯ ಮಹಿಳೆ ಈಗ ಅದೇ ತರಕಾರಿ ಅಂಗಡಿಯ ಮುಂದೆ ನಿಂತು, “ಎಪ್ಪತ್ತು ಅಂದ್ರಾ, ಇಪ್ಪತ್ತು ಅಂದ್ರಾ?” ಎಂದು ಕೇಳಿಯೇ ಪರ್ಸ್ ತೆಗೆಯುತ್ತಾರೆ.