ಎಂಪಾಕ್ಸ್ ಶಂಕೆ ಬಂದರೆ: ಕೋಣೆ, ಬಟ್ಟೆ, ಬ್ಲೀಚಿಂಗ್ ಪೌಡರ್

2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದಿಳಿದವರೊಬ್ಬರಿಗೆ ಎಂಪಾಕ್ಸ್ (ಹಿಂದಿನ ಹೆಸರು ಮಂಕಿಪಾಕ್ಸ್; ಸಿಡುಬಿನ ಕುಲದ ವೈರಾಣು ತರುವ ಕಾಯಿಲೆ) ತಗಲಿರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಕರ್ನಾಟಕದಲ್ಲಿ ಆ ವರ್ಷದ ಮೊದಲ ಪ್ರಕರಣ ಅದು. ಕಾಯಿಲೆ ಅಪರೂಪದ್ದಾದ್ದರಿಂದಲೇ ‘ಅಮ್ಮ ಆಗಿದೆ, ತಾನಾಗಿ ಇಳಿಯುತ್ತದೆ’ ಎಂದು ಮೊದಲ ದಿನಗಳು ಕೈತಪ್ಪುತ್ತವೆ. ಸಿಡುಬಿನ ಲಸಿಕೆ ನಿಂತು ನಾಲ್ಕು ದಶಕ ದಾಟಿದೆ. ಅದು ಕೊಡುತ್ತಿದ್ದ ರಕ್ಷಣೆ ಈಗಿನ ಬಹುಪಾಲು ಜನಕ್ಕಿಲ್ಲ.

ಮೊದಲು ಗುಳ್ಳೆಗಳನ್ನು ಬೆಳಕಿನಲ್ಲಿ ನೋಡಿ. ಸೀತಾಳೆ ಸಿಡುಬಿನಲ್ಲಿ ಅವು ಎದೆ-ಬೆನ್ನಿನಲ್ಲಿ ಹೆಚ್ಚು. ಒಂದೇ ಜಾಗದಲ್ಲಿ ಹೊಸ ಗುಳ್ಳೆಯೂ ಒಣಗಿದ್ದೂ ಸಿಗುತ್ತವೆ. ಎಂಪಾಕ್ಸ್‌ನ ಗುಳ್ಳೆ ಗಟ್ಟಿ, ಆಳ, ನಡುವೆ ಹೊಕ್ಕುಳಿನಂಥ ತಗ್ಗು. ಮುಖ, ಅಂಗೈ, ಅಂಗಾಲು, ಜನನಾಂಗದ ಸುತ್ತ ಏಳಬಹುದು. ಕುತ್ತಿಗೆ ಅಥವಾ ತೊಡೆಸಂದಿಯಲ್ಲಿ ಗಡ್ಡೆ ಊದಿದ್ದರೆ ಶಂಕೆ ಬಲವಾಗಬೇಕು. ಒಂದೆರಡೇ ಗುಳ್ಳೆ ಎಂದು ಕಡೆಗಣಿಸಬೇಡಿ. ಜ್ವರವೇ ಇಲ್ಲದೆಯೂ ಬರುತ್ತದೆ. ಕಣ್ಣಾರೆ ನೋಡಿ ತೀರ್ಮಾನಿಸಲಾಗದು, ಪಿಸಿಆರ್ ಪರೀಕ್ಷೆಯೇ ಆಗಬೇಕು.

ನೇರವಾಗಿ ಆಸ್ಪತ್ರೆಯ ಸಾಲಿನಲ್ಲಿ ಕೂರಬೇಡಿ. ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ, ಕಳೆದ 21 ದಿನಗಳ ಪ್ರಯಾಣ ಮತ್ತು ನಿಕಟ ಸಂಪರ್ಕ, ಲೈಂಗಿಕ ಸಂಪರ್ಕವೂ ಸೇರಿ, ಮುಚ್ಚಿಡದೆ ಹೇಳಿ. ಹೊರಡುವಾಗ ಮಾಸ್ಕ್ ಹಾಕಿ, ಗುಳ್ಳೆ ಮುಚ್ಚುವಂತೆ ತುಂಬುತೋಳಿನ ಬಟ್ಟೆ ಉಡಿ.

ವೈದ್ಯರು ಮನೆಯಲ್ಲೇ ಇರಲು ಹೇಳಿದರೆ ಕಿಟಕಿಯಿರುವ ಪ್ರತ್ಯೇಕ ಕೋಣೆ, ಸಾಧ್ಯವಾದರೆ ಬೇರೆ ಶೌಚಾಲಯ ಬೇಕು. ಆರೈಕೆಗೆ ಒಬ್ಬರೇ ಸಾಕು. ಗರ್ಭಿಣಿಯೂ ಚಿಕ್ಕ ಮಕ್ಕಳೂ ಒಳಹೋಗುವುದು ಬೇಡ.

ಹೆಚ್ಚು ಎಚ್ಚರ ಬೇಕಾದ್ದು ಬಟ್ಟೆ ಮತ್ತು ಹಕ್ಕಳೆಯ ವಿಷಯದಲ್ಲಿ. ಉದುರಿದ ಹಕ್ಕಳೆಯಲ್ಲಿ ವೈರಾಣು ಬಹುಕಾಲ ಉಳಿಯುತ್ತದೆ. ಹೊದಿಕೆ ಕೊಡವಿದರೆ, ಪೊರಕೆಯಿಂದ ಗುಡಿಸಿದರೆ ಅದರ ಪುಡಿ ಗಾಳಿಗೇಳುತ್ತದೆ. ಹಾಸಿಗೆಗೆ ಬೇವಿನೆಲೆ ಹರಡುವ ರೂಢಿಯಿದ್ದರೆ ಈ ಸಲ ಬಿಡಿ. ಎಲೆಗೆ ಅಂಟಿದ ಹಕ್ಕಳೆ ಎಲೆಯ ಜೊತೆ ಹಿತ್ತಲಿಗೂ ಹೋಗುತ್ತದೆ. ಕೈಗವಸು, ಮಾಸ್ಕ್ ಹಾಕಿ ಬಟ್ಟೆಯನ್ನು ಒಳಮುಖವಾಗಿ ನಿಧಾನ ಮಡಚಿ, ಕೋಣೆಯಲ್ಲೇ ಚೀಲಕ್ಕೆ ತುಂಬಿ. 60 ಡಿಗ್ರಿಗಿಂತ ಬಿಸಿಯಾದ ನೀರು ಮತ್ತು ಸೋಪಿನಲ್ಲಿ, ಉಳಿದವರ ಬಟ್ಟೆಯ ಜೊತೆ ಸೇರಿಸದೆ ಒಗೆಯಿರಿ.

ನೆಲ, ಬಾಗಿಲ ಚಿಲಕ, ಶೌಚಾಲಯಕ್ಕೆ ಶೇ 0.5ರ ಕ್ಲೋರಿನ್ ದ್ರಾವಣ. ಶೇ 30ರಷ್ಟು ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪೌಡರ್ 17 ಗ್ರಾಂ, ನೀರು 1 ಲೀಟರ್. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಳಸಿ. ಶೇ 5ರ ಹೈಪೊಕ್ಲೋರೈಟ್ ದ್ರವವಿದ್ದರೆ ಅದರ ಒಂದು ಪಾಲಿಗೆ ನೀರು ಒಂಬತ್ತು ಪಾಲು. ಕೀವು, ಕೊಳೆ ಇರುವಲ್ಲಿ ಮೊದಲು ಸೋಪುನೀರಿನಿಂದ ಒರೆಸಲೇಬೇಕು, ಇಲ್ಲದಿದ್ದರೆ ಕ್ಲೋರಿನ್ ಕೊಳೆಯಲ್ಲೇ ಖರ್ಚಾಗುತ್ತದೆ. ದ್ರಾವಣ ಹಚ್ಚಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು, ಆಮೇಲೆ ನೀರಲ್ಲಿ ಒರೆಸಿ. ದ್ರಾವಣ ದಿನವೂ ಹೊಸದು ಮಾಡಿ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟು ಗಂಟುಕಟ್ಟಿದ ಪೊಟ್ಟಣ ನಂಬುವಂಥದ್ದಲ್ಲ. ಆಸಿಡ್ ಜೊತೆ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಕಣ್ಣು ನೋವು, ಮಸುಕು ದೃಷ್ಟಿ, ಉಸಿರಾಟದ ತೊಂದರೆ, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ 108ಕ್ಕೆ ಕರೆ ಮಾಡಿ.

ಸಂಪರ್ಕದಲ್ಲಿದ್ದವರು ಕೊನೆಯ ಸಂಪರ್ಕದಿಂದ 21 ದಿನ ಬೆಳಗ್ಗೆ-ಸಂಜೆ ಜ್ವರ ಅಳೆದು ಬರೆದಿಡಬೇಕು. ಅಲ್ಲಿಯವರೆಗೆ ರಕ್ತದಾನ ಬೇಡ.

ರೋಗಿ ಕೋಣೆಯಿಂದ ಹೊರಬರುವುದನ್ನು ದಿನ ಎಣಿಸಿ ನಿರ್ಧರಿಸುವಂತಿಲ್ಲ. ಎಲ್ಲ ಹಕ್ಕಳೆ ಉದುರಿ, ಅಡಿಯಲ್ಲಿ ಹೊಸ ಚರ್ಮ ಬಂದಿರಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಆಮೇಲೂ 12 ವಾರ ಲೈಂಗಿಕ ಸಂಪರ್ಕದಲ್ಲಿ ಕಾಂಡೋಮ್ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.