ಬಾವುಟ ನೋಡಿ ಭವಿಷ್ಯ ಹೇಳಬೇಡಿ

ಕಾರವಾರದ ಬೀಚಿನಲ್ಲಿ ಸಂಜೆ ಚೆಂಡು ಒದೆಯುವ ಹುಡುಗರಿಂದ ಹಿಡಿದು ಕೋಡಿಬಾಗದ ಚಹಾ ಅಂಗಡಿಯವರೆಗೆ ಎಲ್ಲರೂ ಫುಟ್‌ಬಾಲ್ ಭವಿಷ್ಯ ಹೇಳುವವರೇ. ದೊಡ್ಡವರ ಮ್ಯಾಚಾದರೆ ಹೇಗೋ ನಡೆಯುತ್ತದೆ. 17 ಅಥವಾ 20 ವರ್ಷದೊಳಗಿನವರ ಮ್ಯಾಚ್ ಬಂತೋ, ಎಲ್ಲರ ಲೆಕ್ಕವೂ ಮಗುಚುತ್ತದೆ.

ನನ್ನದೂ ಮಗುಚಿದೆ. 2017ರ ಅಕ್ಟೋಬರ್ 10ರಂದು ರೈಲು ಹತ್ತಿ ಮಡಗಾಂವಿಗೆ ಹೋಗಿದ್ದೆವು. ಫಾತೋರ್ಡಾ ಸ್ಟೇಡಿಯಂನಲ್ಲಿ 17 ವರ್ಷದೊಳಗಿನವರ ವಿಶ್ವಕಪ್, ಜರ್ಮನಿಗೆ ಇರಾನ್ ಎದುರಾಳಿ. ಜರ್ಮನಿ ಅಂದರೆ ಜರ್ಮನಿ ಅಲ್ವಾ ಎಂದು ಗೆಳೆಯನ ಜೊತೆ ಬಂಗಡೆ ಫ್ರೈ ಊಟದ ಪಣ ಕಟ್ಟಿದೆ. ಇರಾನ್ 4–0ಯಿಂದ ಗೆದ್ದಿತು. ಅವನು ಎರಡು ಪ್ಲೇಟ್ ತಿಂದ.

ಹಾಗಾಗಿ ಮೊದಲ ಹೆಜ್ಜೆ: ದೇಶದ ಹೆಸರು ಮರೆತುಬಿಡಿ. ಹಳೇ ಕಪ್‌ಗಳ ಪಟ್ಟಿಯೂ ಬೇಡ. ಎರಡು ವರ್ಷಕ್ಕೆ ತಂಡ ಬಹುತೇಕ ಬದಲಾಗುತ್ತದೆ. ಹಿಂದೆ ಕಪ್ ಗೆದ್ದ ಹುಡುಗರಲ್ಲಿ ಹೆಚ್ಚಿನವರು ಈಗ ವಯಸ್ಸು ಮೀರಿ ಹೊರಗಿದ್ದಾರೆ.

ಎರಡನೆಯದು, ಇದೇ ಹುಡುಗರ ಇತ್ತೀಚಿನ ಮ್ಯಾಚ್‌ಗಳನ್ನು ನೋಡಿ. ಫಾತೋರ್ಡಾದ ಸುಳಿವು ಮೂರು ದಿನ ಮೊದಲೇ ಇತ್ತು. ಇರಾನ್ ಗಿನಿಯನ್ನು 3–1ರಿಂದ ಸೋಲಿಸಿತ್ತು. ಜರ್ಮನಿ ಕೋಸ್ಟರಿಕಾ ಎದುರು ಒದ್ದಾಡಿ 2–1ರಿಂದ ಪಾರಾಗಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಮೂರನೆಯದರಲ್ಲೇ ಎಲ್ಲರೂ ಎಡವುವುದು. ಮೈದಾನಕ್ಕೆ ಯಾರು ಇಳಿಯುತ್ತಾರೆ? ಕಿರಿಯರ ಟೂರ್ನಿಗೆ ಆಟಗಾರರನ್ನು ಬಿಡಲೇಬೇಕು ಎಂಬ ಕಟ್ಟುಪಾಡು ಕ್ಲಬ್‌ಗಳಿಗೆ ಸಾಮಾನ್ಯವಾಗಿ ಇಲ್ಲ. ಅದೇ 2017ರಲ್ಲಿ ಇಂಗ್ಲೆಂಡಿನ ಜೇಡನ್ ಸ್ಯಾಂಚೊನನ್ನು ಗುಂಪು ಹಂತ ಮುಗಿದ ಕೂಡಲೇ ಅವನ ಜರ್ಮನ್ ಕ್ಲಬ್ ಡಾರ್ಟ್‌ಮಂಡ್ ವಾಪಸ್ ಕರೆಸಿಕೊಂಡಿತು. ತಂಡ ಸೋಲಲಿಲ್ಲ, ಫೈನಲ್‌ನಲ್ಲಿ 0–2ರ ಹಿನ್ನಡೆಯಿಂದ ಎದ್ದು ಸ್ಪೇನನ್ನು 5–2ರಿಂದ ಬಡಿಯಿತು. ಅಂದರೆ ಒಬ್ಬ ಸ್ಟಾರ್ ಹೋದ ಎಂದು ತಂಡವನ್ನೇ ಬರ್ಖಾಸ್ತು ಮಾಡಬೇಡಿ, ಅವನ ಜಾಗಕ್ಕೆ ಬಂದವನು ಯಾರು ನೋಡಿ. ಹುಟ್ಟಿದ ತಿಂಗಳನ್ನೂ ನೋಡಿ. ಆ ಕಪ್‌ನಲ್ಲಿ 2000ದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗಷ್ಟೇ ಜಾಗ. ಆ ವರ್ಷದ ಜನವರಿಯವನಿಗೂ ಡಿಸೆಂಬರಿನವನಿಗೂ ಹನ್ನೊಂದು ತಿಂಗಳ ಅಂತರ. ಹದಿನಾರರ ವಯಸ್ಸಿನಲ್ಲಿ ಅದು ಭುಜದ ಅಗಲದಲ್ಲೇ ಕಾಣುತ್ತದೆ. ಗುಂಪಿನ ಮೂರನೇ ಮ್ಯಾಚಾದರೆ ಇನ್ನೂ ಹುಷಾರು. ಆಗಲೇ ಮುಂದಿನ ಹಂತ ತಲುಪಿದ ತಂಡ ಬೆಂಚಿನ ಹುಡುಗರನ್ನು ಇಳಿಸಬಹುದು. ಆಡುವ ಹನ್ನೊಂದರ ಪಟ್ಟಿ ಬರುವವರೆಗೆ ಬಾಯಿ ಮುಚ್ಚಿಕೊಂಡಿರಿ.

ನಿಯಮ ಓದಿ: 2017ರ ಆ ಕಪ್‌ನಲ್ಲಿ ನಾಕೌಟ್ (ಸೋತರೆ ಹೊರಗೆ) ಮ್ಯಾಚ್ ಸಮವಾದರೆ ಹೆಚ್ಚುವರಿ ಸಮಯವೇ ಇರಲಿಲ್ಲ, ನೇರ ಪೆನಾಲ್ಟಿ.

ಕೊನೆಗೆ ಬರೆದಿಡಿ. ಗೆಲುವು, ಡ್ರಾ, ಸೋಲು, ಒಂದೊಂದಕ್ಕೂ ನೂರಕ್ಕೆ ಎಷ್ಟು ಅವಕಾಶ ಎಂದು; ಮೂರೂ ಸೇರಿ ನೂರಾಗಬೇಕು. ಸ್ಕೋರ್ ಹೇಳುವ ಚಪಲ ಬಿಡಿ. ಒಂದು ತಂಡದ ಸರಾಸರಿ ಒಂದೂವರೆ ಗೋಲು, ಇನ್ನೊಂದರದ್ದು ಒಂದು ಎಂದುಕೊಳ್ಳಿ. ಸರಾಸರಿಯಿಂದ ಪ್ರತಿ ಸ್ಕೋರಿನ ಸಾಧ್ಯತೆ ಹೇಳುವ ಪಾಯ್ಸಾನ್ ಎಂಬ ಗಣಿತದ ಲೆಕ್ಕದಲ್ಲಿ ಅತಿ ಹೆಚ್ಚು ಸಾಧ್ಯತೆ ಇರುವ ಸ್ಕೋರುಗಳು 1–0 ಮತ್ತು 1–1. ಆದರೂ ಒಂದೊಂದಕ್ಕೂ ಸುಮಾರು ನೂರಕ್ಕೆ ಹನ್ನೆರಡೇ ಅವಕಾಶ. ಡ್ರಾ ಆಗುವ ಸಾಧ್ಯತೆ ಮಾತ್ರ ಇಪ್ಪತ್ತಾರರಷ್ಟು ಬರುತ್ತದೆ. ನಮ್ಮವರು ಡ್ರಾವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮೊಬೈಲಿನಲ್ಲಿ 'ಗ್ಯಾರಂಟಿ ಟಿಪ್ಸ್' ಮಾರುವವರ ಹತ್ತಿರ ಸುಳಿಯಬೇಡಿ. ಕೆಲವರಿಗೆ ಒಂದು ತಂಡ, ಕೆಲವರಿಗೆ ಮತ್ತೊಂದು, ಉಳಿದವರಿಗೆ ಡ್ರಾ ಎಂದು ಕಳಿಸಿದರೆ ಯಾರಿಗಾದರೂ ಸರಿ ಹೊಂದಲೇಬೇಕು. ದುಡ್ಡಂತೂ ಕಟ್ಟಬೇಡಿ. ಪಣ ಬೇಕೇ ಬೇಕೆಂದರೆ ಬಂಗಡೆ ಸಾಕು. ಜೂನ್–ಜುಲೈನಲ್ಲಿ ಅದೂ ಬೇಡ, ಬೋಟ್ ಇಳಿಯುವುದಿಲ್ಲ, ರೇಟ್ ಜಾಸ್ತಿ.