ಹಳೆಯ ಪೆನ್‌ಸ್ಟಾಕ್: ಮುಂಗಾರಿಗೆ ಮೊದಲು ತಪಾಸಣೆ ಮಾಡುವುದು ಹೇಗೆ?

ಸಕಲೇಶಪುರದ ಘಟ್ಟದಂಚಿನ ಒಂದು ಕಿರು ಜಲವಿದ್ಯುತ್ ಘಟಕದಲ್ಲಿ ನಾನು ಫಿಟ್ಟರ್ ಆಗಿದ್ದೆ. ಒಂದು ಮಳೆಗಾಲದ ಬೆಳಿಗ್ಗೆ ಹೋಗಿ ನೋಡಿದರೆ, ಯಂತ್ರಕ್ಕೆ ಮೇಲಿನಿಂದ ನೀರು ಇಳಿಸುವ ಎರಡಡಿ ವ್ಯಾಸದ ಉಕ್ಕಿನ ಪೈಪು ಆದ ಪೆನ್‌ಸ್ಟಾಕ್ ಗೇಟಿನ ಕೆಳಗೆ ಆರೇಳು ಅಡಿ ಉದ್ದಕ್ಕೆ ಚಪ್ಪಟೆಯಾಗಿತ್ತು. ಎಲ್ಲೂ ಒಡೆದಿರಲಿಲ್ಲ. ರಾತ್ರಿ ಪಾಳಿಯವರು ಮೇಲಿನ ಗೇಟ್ ಮುಚ್ಚಿ, ಕೆಳಗಿನಿಂದ ನೀರು ಖಾಲಿ ಮಾಡಿದ್ದರು, ಅಷ್ಟೇ. ಗಾಳಿ ಕೊಳವೆ ಹತ್ತಿ ನೋಡಿದೆವು. ಅದರ ಬಾಯಿಯ ಜಾಲರಿಗೆ ಒದ್ದೆ ಎಲೆ ಅಂಟಿ, ಅದರ ಮೇಲೆ ಕಡಜ ಮಣ್ಣಿನ ಗೂಡು ಕಟ್ಟಿ, ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ನೀರು ಇಳಿದಂತೆ ಒಳಗೆ ಗಾಳಿ ಹೋಗಿಲ್ಲ. ಹೊರಗಿನ ಗಾಳಿಯೇ ಪೈಪನ್ನು ಅಮುಕಿಬಿಟ್ಟಿತ್ತು.

ಹಳೆಯ ಪೈಪು ಅಂದರೆ ಒಡೆಯುತ್ತದೆ ಅನ್ನುವ ಭಯವೇ ಎಲ್ಲರಿಗೂ. ಆದರೆ ಈ ಲೆಕ್ಕ ನೋಡಿ. ದಪ್ಪ ಅರ್ಧಕ್ಕೆ ಸವೆದರೆ ಒಳಗಿನ ನೀರಿನ ಒತ್ತಡ ತಡೆಯುವ ಶಕ್ತಿಯೂ ಅರ್ಧವಾಗುತ್ತದೆ. ಹೊರಗಿನ ಒತ್ತಡ ತಡೆಯುವ ಶಕ್ತಿ ಮಾತ್ರ ಎಂಟರಲ್ಲಿ ಒಂದು ಪಾಲಿಗೆ ಬರುತ್ತದೆ! ಹಾಗಾಗಿ ತಪಾಸಣೆ ಶುರುವಾಗಬೇಕಾದ್ದು ಗಾಳಿ ಕೊಳವೆಯಿಂದ. ಜಾಲರಿ ಬಿಚ್ಚಿ, ಕೊಳವೆಯೊಳಗೆ ಹಗ್ಗ ಕಟ್ಟಿದ ಬ್ರಷ್ ಇಳಿಸಿ ತೆಗೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಯಾರಾದರೂ ಹತ್ತಿ ನೋಡಲೇಬೇಕು.

ಮುಂದಿನದು ದಪ್ಪ ಅಳೆಯುವುದು. ನಮ್ಮ ಕಡೆಯ ಹಳ್ಳಗಳು ಮಾರ್ಚ್, ಏಪ್ರಿಲ್‌ನಲ್ಲಿ ಸೊರಗುತ್ತವೆ, ಯಂತ್ರವೂ ನಿಂತಿರುತ್ತದೆ. ಅದೇ ಸರಿಯಾದ ಸಮಯ. ಅಲ್ಟ್ರಾಸಾನಿಕ್ ಮೀಟರ್ ಇದ್ದರೆ ಹೊರಗಿನಿಂದಲೇ ಅಳೆಯಬಹುದು. ಒಂದು ಎಚ್ಚರಿಕೆ: ಸಾದಾ ಮೀಟರ್ ಬಣ್ಣದ ಪದರವನ್ನೂ ಸೇರಿಸಿ ಜಾಸ್ತಿ ತೋರಿಸುತ್ತದೆ. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣ, ತುಕ್ಕು ಉಜ್ಜಿ, ಜೆಲ್ ಹಚ್ಚಿ ಅಳೆಯಿರಿ. ಮೇಲೆ, ಕೆಳಗೆ, ಎರಡು ಪಕ್ಕ, ಹೀಗೆ ಒಂದು ಕಡೆಗೆ ನಾಲ್ಕು ಅಳತೆ. ಪೈಪಿನ ತಳವನ್ನು ಬಿಡಲೇಬೇಡಿ. ಮರಳು ಉಜ್ಜುವುದೂ ಅಲ್ಲೇ, ಯಂತ್ರ ನಿಂತಾಗ ನೀರು ನಿಲ್ಲುವುದೂ ಅಲ್ಲೇ. ಪೈಪು ಕೂರುವ ಸ್ಯಾಡಲ್‌ನ ಅಂಚನ್ನೂ ಕೆರೆದು ನೋಡಿ. ಅಲ್ಲಿ ಕಾಫಿ ಎಲೆ, ಸಿಲ್ವರ್ ಓಕ್ ಎಲೆ ಕೊಳೆತು ವರ್ಷವಿಡೀ ಒದ್ದೆ ಇರುತ್ತದೆ.

ಅಳೆದ ಜಾಗಕ್ಕೆ ಬಣ್ಣದಲ್ಲಿ ಸುತ್ತು ಹಾಕಿ, ನಂಬರ್ ಬರೆಯಿರಿ. ಮುಂದಿನ ವರ್ಷ ಅದೇ ಸುತ್ತಿನೊಳಗೆ ಅಳೆದರೇನೇ ಸವೆತ ಗೊತ್ತಾಗುವುದು. ಎರಡು ವರ್ಷದ ಹಿಂದೆ 5.6 ಮಿ.ಮೀ. ಇದ್ದದ್ದು ಈಗ 5.2 ಆಗಿದ್ದರೆ ವರ್ಷಕ್ಕೆ 0.2 ಹೋಗುತ್ತಿದೆ. ಎಂಜಿನಿಯರ್ ಹಾಕಿಕೊಟ್ಟ ಕನಿಷ್ಠ ದಪ್ಪ 4 ಮಿ.ಮೀ. ಅಂದರೆ ಉಳಿದದ್ದು ಆರು ವರ್ಷ. ಗುಳಿ ಬಿದ್ದಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಗುಳಿಯ ಆಳವನ್ನು ಬೇರೆಯಾಗಿಯೇ ಅಳೆಯಬೇಕು.

ಒಳಗೆ ಇಳಿಯುವುದಾದರೆ ಗೇಟಿಗೆ ಬೀಗ ಹಾಕಿ, ಕೀಲಿ ಇಳಿಯುವವರ ಜೇಬಿನಲ್ಲೇ ಇರಲಿ. ಫ್ಯಾನ್ ಹಾಕಿ ಗಾಳಿ ಆಡಿಸಿ, ಆಮ್ಲಜನಕ ಪರೀಕ್ಷಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಹೊರಗೊಬ್ಬರು ಕಾಯಲಿ. ಒಳಗೆ ತುಕ್ಕಿನ ಗಂಟುಗಳು ಕಾಣುತ್ತವೆ. ಕೆಲವನ್ನಾದರೂ ತಟ್ಟಿ ಉದುರಿಸಿ. ಗುಳಿ ಇರುವುದು ಅದರಡಿಯಲ್ಲಿ. ವೆಲ್ಡಿಂಗ್ ಸಾಲುಗಳಿಗೆ ಕೆಂಪು ಡೈ ಹಚ್ಚಿ, ಒರೆಸಿ, ಬಿರುಕಿನೊಳಗಿನ ಡೈಯನ್ನು ಹೊರಗೆಳೆಯುವ ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಕೂದಲೆಳೆಯಂತೆ ಕೆಂಪು ಗೆರೆ ಮೂಡುತ್ತದೆ.

ಪೈಪನ್ನು ಅಲುಗದಂತೆ ಹಿಡಿದಿಡುವ ಕಾಂಕ್ರೀಟಿನ ಆಂಕರ್ ಬ್ಲಾಕಿನಲ್ಲಿ ಹೊಸ ಬಿರುಕು, ಪಕ್ಕದ ಚರಂಡಿಯಲ್ಲಿ ಮಣ್ಣು ಜರಿತ ಕಂಡರೆ ಫೋಟೊ ತೆಗೆದು ತಾರೀಕು ಬರೆದಿಡಿ.

ವಾಲ್ವ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುವ ನೀರನ್ನು ಥಟ್ಟನೆ ನಿಲ್ಲಿಸಿದರೆ, ಉಕ್ಕಿನ ಪೈಪಿನಲ್ಲಿ ಸುಮಾರು ನೂರು ಮೀಟರ್ ಎತ್ತರದ ನೀರಿನಷ್ಟು ಹೆಚ್ಚುವರಿ ಒತ್ತಡ ಏಳುತ್ತದೆ. ಗೇಜಿನಲ್ಲಿ ಅದು ಚದರ ಸೆಂಟಿಮೀಟರಿಗೆ ಹತ್ತು ಕೆ.ಜಿ.! ಜಪಾನಿನ ಓಯಿಗಾವಾ ಘಟಕದಲ್ಲಿ 1950ರಲ್ಲಿ ಆಗಿದ್ದು ಇದೇ. ವಾಲ್ವ್ ಬೇಗ ಮುಚ್ಚಿ ಕೆಳಗೆ ಪೈಪು ಸೀಳಿತು. ನೀರು ನುಗ್ಗಿ ಹೋದ ರಭಸಕ್ಕೆ ಮೇಲ್ಭಾಗ ಒಳಕ್ಕೆ ಕುಸಿಯಿತು. ಮೂವರು ಸತ್ತರು. ನಿಮ್ಮ ವಾಲ್ವ್ ಪೂರ್ತಿ ಮುಚ್ಚಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ, ಹಳೆಯ ದಾಖಲೆಗೆ ಹೋಲಿಸಿ. ಸಮಯ ಕಡಿಮೆಯಾಗಿದ್ದರೆ ಎಂಜಿನಿಯರ್ ನೋಡುವವರೆಗೆ ಯಂತ್ರ ಓಡಿಸಬೇಡಿ.

ಸೋರಿಕೆ ಕಂಡರೆ ನೀರು ತುಂಬಿದ ಪೈಪಿನ ಮೇಲೆ ಸುಮ್ನೆ ತೇಪೆ ವೆಲ್ಡ್ ಮಾಡಬೇಡಿ. ಸವೆದ ತಗಡು ತೂತಾಗುತ್ತದೆ, ಬಿರುಕೂ ಬಿಡುತ್ತದೆ. ಖಾಲಿ ಮಾಡಿ, ಸುತ್ತಲ ದಪ್ಪ ಅಳೆದು, ಆಮೇಲೆ ರಿಪೇರಿ.

ಕೆಲಸ ಮುಗಿದ ಮೇಲೆ ನೀರು ತುಂಬಲು ಆತುರ ಬೇಡ. ಗೇಟನ್ನು ಸ್ವಲ್ಪವೇ ಎತ್ತಿ, ಗಾಳಿ ಕೊಳವೆಯ ಹತ್ತಿರ ಒಬ್ಬರು ನಿಲ್ಲಲಿ. ಬಾಯಿಗೆ ಅಂಗೈ ಹಿಡಿದರೆ ಗಾಳಿ ಬುಸ್ಸೆಂದು ಬರುವುದು ತಿಳಿಯುತ್ತದೆ. ಅದು ಪೂರ್ತಿ ನಿಂತು, ಕೊಳವೆಯಲ್ಲಿ ನೀರು ಕಂಡ ಮೇಲೆ ಗೇಟ್ ಪೂರ್ತಿ ತೆಗೆಯಿರಿ. ಆಮೇಲೆ ಪೈಪಿನುದ್ದಕ್ಕೂ ನಡೆದು, ಪ್ರತಿ ಜಾಯಿಂಟ್ ಕೈಯಿಂದ ಮುಟ್ಟಿ ನೋಡುತ್ತಾ ಕೆಳಗಿಳಿಯಿರಿ.